ವೋಲ್ಟ್ ಬಿಡಿ, ಆಂಪಿಯರ್ ನೋಡಿ

ಬೆಳಕಿನ ಬಣ್ಣಕ್ಕೂ ಸೋಲಾರ್ ಪ್ಯಾನೆಲ್‌ಗೂ ಇರುವ ನಂಟನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಇದು ಬಲು ಜನಪ್ರಿಯ ಪ್ರಯೋಗ. ಟೇಬಲ್ ಲ್ಯಾಂಪ್, ಅಂಗೈಯಗಲದ ಪ್ಯಾನೆಲ್, ಕೆಂಪು-ಹಸಿರು-ನೀಲಿ ಜಿಲೆಟಿನ್ ಕಾಗದ, ಒಂದು ಮಲ್ಟಿಮೀಟರ್. ಹಿಂದಿನ ಚಾರ್ಟಿನಲ್ಲಿ ದಪ್ಪಕ್ಷರದ ತೀರ್ಮಾನ: ಕೆಂಪು ಬೆಳಕಿನಲ್ಲಿ ವಿದ್ಯುತ್ ಹೆಚ್ಚು.

ಮಾತು ಸುಳ್ಳಲ್ಲ, ಆದರೆ ಆ ಮೇಜಿನ ಮೇಲೆ ಅದು ಸಾಬೀತಾಗುವುದೂ ಇಲ್ಲ. ಹಳೆಯ ತಂತಿ ಬಲ್ಬು ಉಗುಳುವುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು. ನೀಲಿ ಕಾಗದವೂ ಅದನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಸಿಲಿಕಾನ್ ಸುಮಾರು 1,100 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಹೀರಬಲ್ಲದು. ಹಾಗಾಗಿ ನೀವು ಅಳೆಯುತ್ತಿರುವುದು ನೀಲಿಯನ್ನಲ್ಲ. ನಿಜವಾದ ಕಾರಣ ಬೇರೆ. ನೀಲಿ ಫೋಟಾನಿಗೆ ಕಸುವು ಹೆಚ್ಚು, ಆದರೂ ಅದು ಬಿಡಿಸುವುದು ಒಂದೇ ಎಲೆಕ್ಟ್ರಾನನ್ನು. ಮಿಕ್ಕ ಕಸುವು ಬಿಸಿಯಾಗಿ ಹೋಗುತ್ತದೆ. ಅಷ್ಟೇ ವ್ಯಾಟ್ ಬೆಳಕು ಬಿದ್ದಾಗ ಕೆಂಪಿಗೆ ಮೇಲುಗೈ ಸಿಗುವುದು ಇದರಿಂದ.

ಆದರೆ ನನಗೆ ಹೆಚ್ಚು ಸಂಕಟವಾಗುವುದು ಮೀಟರಿನ ತಿರುಪು ವೋಲ್ಟಿನ ಮೇಲೆ ನಿಂತಿರುವುದನ್ನು ಕಂಡಾಗ. ಬಣ್ಣದ ಮಾತು ಅಲ್ಲಿರಲಿ, ಇದನ್ನು ಮೊದಲು ಸರಿಮಾಡೋಣ. ಬೆಳಕು ಕಾಲುಭಾಗಕ್ಕಿಳಿದರೂ ಆರು ವೋಲ್ಟಿನ ಪುಟ್ಟ ಪ್ಯಾನೆಲ್ ಐದೂವರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ದೀಪವನ್ನು ದೂರ ಸರಿಸಿದ ಹುಡುಗಿ 'ದೂರದಿಂದ ಹೆಚ್ಚು ವ್ಯತ್ಯಾಸವಿಲ್ಲ' ಎಂದು ಬರೆದುಕೊಂಡರೆ ತಪ್ಪು ಅವಳದಲ್ಲ, ಹೇಳಿಕೊಟ್ಟವರದು. ತಿರುಪನ್ನು ಆಂಪಿಯರ್‌ಗೆ ತಂದು ಎರಡೂ ತಂತಿಗಳನ್ನು ನೇರವಾಗಿ ಮೀಟರಿಗೆ ಕೊಡಿ. ಪುಟ್ಟ ಪ್ಯಾನೆಲ್‌ಗೆ ಇದರಿಂದ ಹಾನಿಯಿಲ್ಲ. ಬ್ಯಾಟರಿಗೆ ಮಾತ್ರ ಹೀಗೆ ಮಾಡಲೇಬೇಡಿ. ಲ್ಯಾಂಪಿನ ಟೋಪಿ ತೆಗೆದು, ಕೋಣೆ ಕತ್ತಲು ಮಾಡಿ, 30 ಸೆಂಟಿಮೀಟರಿನಿಂದ 60ಕ್ಕೆ ಸರಿಸಿದರೆ ಕರೆಂಟು ಕಾಲುಭಾಗಕ್ಕೆ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ತೆಳುವಾಗುತ್ತದೆಂದು ಕೆಪ್ಲರ್ 1604ರಲ್ಲೇ ಬರೆದಿಟ್ಟ ನಿಯಮ ಇದು.

ಮನೆಗೆ ಪ್ಯಾನೆಲ್ ಹಾಕಿಸುವವರು ಇನ್ನಷ್ಟು ಎತ್ತರದಲ್ಲಿ ಕೂರಿಸಿದರೆ ಲಾಭವೇ ಎಂದು ಕೇಳುವುದುಂಟು. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ಆಚೆಗಿದ್ದಾನೆ. ಮಹಡಿ ಏರಿಸಿದ್ದರಿಂದ ದೂರದ ಲೆಕ್ಕದಲ್ಲಿ ಏನೂ ಬದಲಾಗದು, ತೆಂಗಿನಮರದ ನೆರಳು ತಪ್ಪಿದರೆ ಅದೇ ಲಾಭ. ಜನವರಿಯಲ್ಲಿ ಭೂಮಿ ಸೂರ್ಯನಿಗೆ ಜುಲೈಗಿಂತ 50 ಲಕ್ಷ ಕಿಲೋಮೀಟರ್ ಹತ್ತಿರವಿದ್ದರೂ ಬೆಳಕು ಹೆಚ್ಚುವುದು ಶೇ. 7ರಷ್ಟೇ. ಅದಕ್ಕಿಂತ ದೊಡ್ಡ ಏರುಪೇರನ್ನು ಆಷಾಢದ ಒಂದು ಮೋಡವೇ ತರುತ್ತದೆ.

ದೂರದ ಬೆಲೆ ತಿಳಿಯಬೇಕಾದರೆ ಗ್ರಹಗಳ ಕಡೆ ನೋಡಬೇಕು. ಮಂಗಳದ ಬಳಿ ಸಿಗುವ ಬಿಸಿಲು ಸರಾಸರಿ ನಮ್ಮ ಶೇ. 43ರಷ್ಟು. ಅದರಲ್ಲೇ 840 ವ್ಯಾಟ್ ಹುಟ್ಟಿಸುವಂತೆ ಇಸ್ರೋ ಮಂಗಳಯಾನಕ್ಕೆ ಮೂರು ಫಲಕಗಳ ರೆಕ್ಕೆ ಕಟ್ಟಿತ್ತು. ನಾಸಾದ ಜೂನೋ ಗುರುವಿನತ್ತ ಹೋಯಿತು. ಭೂಮಿಯ ಬಳಿ 14 ಕಿಲೋವ್ಯಾಟ್ ಕೊಡಬಲ್ಲ ಅದರ ಫಲಕಗಳು ಅಲ್ಲಿ ಕೊಟ್ಟದ್ದು ಸುಮಾರು 500 ವ್ಯಾಟ್. ಶಾಲೆಯ ಮೇಜಿನ ಮೇಲಿನ ಅದೇ ವರ್ಗದ ಲೆಕ್ಕ.

ಕ್ಯಾಲ್ಕುಲೇಟರಿನ ಪುಟ್ಟ ಪ್ಯಾನೆಲ್ ಟ್ಯೂಬ್‌ಲೈಟಿನಲ್ಲೂ ಚೆನ್ನಾಗಿ ದುಡಿಯುವುದೇಕೆ? ಬಣ್ಣದ ಆ ಬಾಕಿ ಮಾತು ಮುಂದಿನ ವಾರ.