ಸಾರಥಿ ಕೇಳಬೇಕಾದ ಪ್ರಶ್ನೆ

ಬಾಶೆಟ್ಟಿಹಳ್ಳಿಯಂಥ ಊರಿಗೆ ನಾಟಕ ಹೊಸದಲ್ಲ. ದೊಡ್ಡಬಳ್ಳಾಪುರದ ಸುತ್ತಮುತ್ತ ಜಾತ್ರೆ, ಹಬ್ಬ ಬಂತೆಂದರೆ ‘ಕುರುಕ್ಷೇತ್ರ’ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ, ದುರ್ಯೋಧನನ ಪಾತ್ರ ಬೇಕೆಂದವನು ಕೈಯಿಂದಲೇ ಹಣ ಹಾಕುತ್ತಾನೆ, ಸೀನರಿ ಮತ್ತು ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಹಗಲೆಲ್ಲ ಕಾರ್ಖಾನೆಯ ಪಾಳಿಯಲ್ಲೋ ಮಗ್ಗದ ಮುಂದೆಯೋ ದುಡಿದವರು ರಾತ್ರಿ ಕಿರೀಟ ಇಟ್ಟು ಬೆಳಗಿನ ತನಕ ಹಾಡುತ್ತಾರೆ. ಇಷ್ಟು ಕಸುವಿರುವ ಹವ್ಯಾಸಿ ರಂಗಭೂಮಿ ಅರ್ಧ ಗಂಟೆಯ ಪ್ರಹಸನಗಳನ್ನೂ ಕೈಗೆತ್ತಿಕೊಳ್ಳಬೇಕು, ಅದರಲ್ಲೂ ಹೆಸರಾಂತರ ಹಗರಣಗಳನ್ನು ವಿಡಂಬಿಸುವ ಪ್ರಹಸನಗಳನ್ನು ಎಂಬುದು ಈ ವಾರದ ನನ್ನ ವಾದ. ಅದಕ್ಕೊಂದು ಷರತ್ತಿದೆ. ಬಿದ್ದವನನ್ನು ತೋರಿಸಿ ನಗಿಸಬಾರದು. ಅವನನ್ನು ಹೊತ್ತು ಮೆರೆಸಿದ ನಾವು ನಮ್ಮನ್ನೇ ಕಂಡು ನಗುವಂತಿರಬೇಕು.

ತೀರ ಹತ್ತಿರದ ಉದಾಹರಣೆ ತೆಗೆದುಕೊಳ್ಳೋಣ. 2024ರ ಜೂನ್‌ನಲ್ಲಿ ನಟ ದರ್ಶನ್ ಕೊಲೆ ಪ್ರಕರಣವೊಂದರ ಆರೋಪಿಯಾಗಿ ಬಂಧಿತರಾದರು. ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ರಂಗದ್ದಲ್ಲ. ಆದರೆ ಆಮೇಲೆ ಜೈಲಿನ ಗೋಡೆಯ ಹೊರಗೆ ನಡೆದದ್ದು ಪೂರ್ತಿ ರಂಗದ ಸ್ವತ್ತು. ಪರಪ್ಪನ ಅಗ್ರಹಾರದಲ್ಲಿ ಅವರಿಗೆ ಕೊಟ್ಟ 6106 ಎಂಬ ವಿಚಾರಣಾಧೀನ ಕೈದಿ ಸಂಖ್ಯೆ ಕೆಲವೇ ದಿನಗಳಲ್ಲಿ ಆಟೊ, ಬೈಕುಗಳ ಮೇಲೆ ಸ್ಟಿಕರ್ ಆಯಿತು, ಮೈಮೇಲೆ ಹಚ್ಚೆಯಾಯಿತು. ಹಸುಗೂಸಿಗೆ ಬಿಳಿಯ ಕೈದಿ ಬಟ್ಟೆ ತೊಡಿಸಿ, ಅದೇ ಸಂಖ್ಯೆ ಬರೆಸಿ ಫೋಟೊ ತೆಗೆಸಿದ ಹೆತ್ತವರೂ ಇದ್ದರು. ಇಂಥ ವಸ್ತುವನ್ನು ಹಿಡಿದ ತಂಡ ನಟನ ನಡಿಗೆ, ದನಿಯನ್ನು ಅಣಕಿಸಿದರೆ ಐದು ನಿಮಿಷ ಚಪ್ಪಾಳೆ ಬೀಳುತ್ತದೆ, ಅಲ್ಲಿಗೆ ನಾಟಕದ ಸರಕು ಮುಗಿಯುತ್ತದೆ. ಬದಲಿಗೆ ರಂಗದ ಮೇಲೆ ಒಂದು ಸ್ಟಿಕರ್ ಅಂಗಡಿ ಇಡಿ. ಸಂಖ್ಯೆ ಕತ್ತರಿಸಿಕೊಡು ಎಂದು ಸಾಲುಗಟ್ಟಿದ ಗಿರಾಕಿಗಳು, ಅವರ ನಡುವೆ ಮಗುವನ್ನೆತ್ತಿಕೊಂಡ ಅಪ್ಪ, ಕತ್ತರಿ ಹಿಡಿದ ಅಂಗಡಿಯವನು. ತಾರೆ ಕೊನೆಯವರೆಗೂ ರಂಗಕ್ಕೆ ಬರುವುದೇ ಬೇಡ. ನೋಡುತ್ತ ಕೂತವನಿಗೆ ಹೊರಗೆ ನಿಲ್ಲಿಸಿ ಬಂದ ತನ್ನ ಬೈಕು ನೆನಪಾಗುತ್ತದೆ.

ಈ ಕ್ರಮ ನಮ್ಮ ರಂಗಭೂಮಿಗೆ ಹೊರಗಿನದಲ್ಲ. 1887ರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಕನ್ಯಾವಿಕ್ರಯವನ್ನು ವಿಡಂಬಿಸಿದರು, ಹಾಗೆ ಮಾಡುವಾಗ ಅದಕ್ಕೆ ತಲೆಯಾಡಿಸುತ್ತಿದ್ದ ಇಡೀ ಸಮಾಜವನ್ನು ಕಟಕಟೆಗೆ ತಂದರು. ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬ್ಲು ಯಾವನೋ ಒಬ್ಬ ನಿಜ ವಕೀಲನ ಅಣಕವಾಗಿದ್ದಿದ್ದರೆ ಆ ವಕೀಲನ ಜೊತೆಗೇ ಸಾಯುತ್ತಿದ್ದ. ಬಡಾಯಿ ಎಂಬ ಗುಣಕ್ಕೇ ವೇಷ ಹಾಕಿದ್ದರಿಂದ ಅವನು ಇನ್ನೂ ಉಳಿದಿದ್ದಾನೆ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕಾರಣಿಗಳನ್ನು ನೇರವಾಗಿಯೇ ಝಾಡಿಸುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಸಾವಿರಾರು ಪ್ರದರ್ಶನಗಳಲ್ಲಿ ಝಾಡಿಸಿದರು. ಆದರೆ ಅವರ ಚಾಟಿ ಬೀಸುತ್ತಿದ್ದುದು ಜನರ ದುಡ್ಡು, ಜನರ ಕೆಲಸದ ವಿಷಯಕ್ಕೆ. ಅದೇ ಉಸಿರಿನಲ್ಲಿ ಲಂಚ ಕೊಡುವ ಪ್ರೇಕ್ಷಕನಿಗೂ ಏಟು ಬೀಳುತ್ತಿತ್ತು.

ಬಾಶೆಟ್ಟಿಹಳ್ಳಿಯ ಕಡೆಯವರಿಗೆ ಇನ್ನೂ ಹಳೆಯ ಆಸರೆಯೊಂದಿದೆ. ಈ ಬಯಲುಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಎಂಥ ರಾಜಾಧಿರಾಜನೇ ರಂಗಕ್ಕೆ ಬರಲಿ, ಸಾರಥಿ ಅವನನ್ನು ತಡೆದು ‘ತಾವು ಯಾರು?’ ಎಂದು ಕೇಳುತ್ತಾನೆ. ರಾಜ ತನ್ನ ಹೆಸರು, ಊರು, ಬಂದ ಕಾರಣವನ್ನು ಒಪ್ಪಿಸಿದ ಮೇಲೇ ಆಟ ಮುಂದೆ ಸಾಗುವುದು. ಕೇಳುವವನಿಗೆ ಕಿರೀಟವಿಲ್ಲ, ಆಯುಧವಿಲ್ಲ. ಆದರೂ ಉತ್ತರ ಕೊಡದೆ ರಾಜನಿಗೆ ದಾರಿಯಿಲ್ಲ. ಹಗರಣದ ಪ್ರಹಸನಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಸಿಗಲಾರದು. ತಾರೆ, ಅಭಿಮಾನಿ ಸಂಘದ ಅಧ್ಯಕ್ಷ, ಮೈಕು ಹಿಡಿದ ವರದಿಗಾರ, ಎಲ್ಲರೂ ಒಬ್ಬೊಬ್ಬರಾಗಿ ಸಾರಥಿಯ ಮುಂದೆ ನಿಂತು ತಾವು ಯಾರು, ಯಾಕೆ ಬಂದೆವು ಎಂದು ಹೇಳಬೇಕಾಗಿ ಬಂದರೆ, ಆ ಮಾತಿನ ತಡವರಿಕೆಯೇ ನಾಟಕವಾಗುತ್ತದೆ.

ಇದು ಅಪಾಯದ ಕೆಲಸವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. 1876ರಲ್ಲಿ ಕಲ್ಕತ್ತದ ಗ್ರೇಟ್ ನ್ಯಾಷನಲ್ ಥಿಯೇಟರ್ ‘ಗಜದಾನಂದ’ ಎಂಬ ಪ್ರಹಸನ ಆಡಿತು. ಬ್ರಿಟಿಷ್ ಯುವರಾಜನನ್ನು ಮನೆಗೆ ಕರೆದು ಹೆಂಗಸರಿಂದ ಸ್ವಾಗತ ಮಾಡಿಸಿದ ಹೆಸರಾಂತ ವಕೀಲರೊಬ್ಬರ ಸುದ್ದಿಯೇ ಅದರ ವಸ್ತು. ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆಯನ್ನೂ ತಂದಿತು. ಒಂದು ಚಿಕ್ಕ ಪ್ರಹಸನದ ನೆಪದಲ್ಲಿ ಹುಟ್ಟಿದ ಆ ಕಾಯ್ದೆ ಹೋದದ್ದು ಸ್ವಾತಂತ್ರ್ಯ ಬಂದು 70 ವರ್ಷ ಕಳೆದ ಮೇಲೆ. ಇಂದಿಗೂ ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿದೆ, ಎರಡು ವರ್ಷದವರೆಗೆ ಶಿಕ್ಷೆಯಿದೆ. ನಡೆಯುತ್ತಿರುವ ವಿಚಾರಣೆಯ ಬಗ್ಗೆ ತೀರ್ಪು ಕೊಟ್ಟರೆ ನ್ಯಾಯಾಂಗ ನಿಂದನೆಯ ಭಯವೂ ಇದೆ. ಆದರೆ ಹಗರಣದ ನಾಯಕನನ್ನು ಬಿಟ್ಟು ಅದನ್ನು ಕಣ್ಣರಳಿಸಿ ನೋಡುವವರ ಕಡೆ ತಿರುಗಿದ ನಾಟಕಕ್ಕೆ ಇವೆರಡರ ಕಾಟವೂ ಬಹುಪಾಲು ತಪ್ಪುತ್ತದೆ. ನನ್ನನ್ನು ಹೆಚ್ಚು ಕಾಡುವುದು ಕಾನೂನಿನಾಚೆಯ ಇನ್ನೊಂದು ಆಕ್ಷೇಪ: ಹಗರಣವೊಂದರ ಹಿಂದೆ ಸತ್ತವರು, ನೊಂದವರು, ಅವರ ಮನೆಯವರು ಇರುತ್ತಾರೆ, ಅವರ ಸಂಕಟದ ಮೇಲೆ ನಗುವುದು ಸರಿಯೇ? ಖಂಡಿತ ಸರಿಯಲ್ಲ. ನೊಂದವರು ಪಾತ್ರವಾಗಿ ಬರಲೇಬಾರದು, ಅವರ ಹೆಸರು, ಊರಿನ ಸುಳಿವೂ ಮಾತಿನಲ್ಲಿ ಇರಬಾರದು. ಈ ಒಂದು ನಿಯಮ ಮುರಿಯುವ ತಂಡ ನಾಟಕ ಆಡದಿರುವುದೇ ಮೇಲು.

ಟೀವಿಯ ಕಾಮಿಡಿ ಕಾರ್ಯಕ್ರಮಗಳು, ಮೊಬೈಲಿನ ಟ್ರೋಲುಗಳು ಈ ಕೆಲಸವನ್ನು ಆಗಲೇ ಮಾಡುತ್ತಿವೆಯಲ್ಲ ಎನ್ನುವವರಿಗೂ ಉತ್ತರವಿದೆ. ಅಲ್ಲಿ ನಗುವವನು ಒಬ್ಬನೇ ಕೂತು, ಯಾರಿಗೂ ಕಾಣದೆ ನಗುತ್ತಾನೆ. ಊರ ವೇದಿಕೆಯ ಮುಂದೆ ಪಕ್ಕದ ಮನೆಯವರು, ಅದೇ ಪಾಳಿಯ ಗೆಳೆಯರು, ಅಭಿಮಾನಿ ಸಂಘದ ಹುಡುಗರು ಒಟ್ಟಿಗೆ ಕೂತಿರುತ್ತಾರೆ. ಆಡುವವನೂ ಅವರ ನಡುವಿನವನೇ ಆದ್ದರಿಂದ ಅವನು ಅವರನ್ನು ಹೀಯಾಳಿಸಲಾರ, ಅವರು ಅವನನ್ನು ಹೊರಗಿನವನೆಂದು ಬಡಿದಟ್ಟಲಾರರು. ಸಿಟ್ಟಾದರೆ ಬೆಳಿಗ್ಗೆ ಟೀ ಅಂಗಡಿಯಲ್ಲಿ ಮಾತಾಡಿ ಬಗೆಹರಿಸಿಕೊಳ್ಳಬಹುದು. ಖರ್ಚೂ ದೊಡ್ಡದಲ್ಲ: ನಾಲ್ಕೈದು ಪಾತ್ರ, ಒಂದು ಮೇಜು, ದಿನದ ಬಟ್ಟೆ ಸಾಕು.

ಬಾಶೆಟ್ಟಿಹಳ್ಳಿಯ ತಂಡಗಳಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ‘ಕುರುಕ್ಷೇತ್ರ’ದ ಪರದೆ ಏಳುವ ಮೊದಲಿನ ಅರ್ಧ ಗಂಟೆಯನ್ನು ಇಂಥ ಒಂದು ಪ್ರಹಸನಕ್ಕೆ ಬಿಟ್ಟುಕೊಡಿ, ಮೇಷ್ಟ್ರಿಗೂ ಈಗಲೇ ಹೇಳಿಡಿ.