ಮನುಷ್ಯನಾದರೆ ಸಾಕು: ಹನಫಿ ನ್ಯಾಯಶಾಸ್ತ್ರ ಮತ್ತು ಹಕ್ಕಿನ ಪ್ರಶ್ನೆ

ಸುನ್ನಿ ಇಸ್ಲಾಮಿನ ನಾಲ್ಕು ನ್ಯಾಯಪಂಥಗಳ ಪೈಕಿ ಮೂರರ ಮೂಲಪುರುಷರು ಆಳುವವರ ಕೈಯಲ್ಲಿ ಹಿಂಸೆ ಅನುಭವಿಸಿದವರು. ಖಾಜಿಯ ಹುದ್ದೆ ಒಲ್ಲೆನೆಂದ ಅಬೂ ಹನೀಫಾ 767ರಲ್ಲಿ ಬಗ್ದಾದಿನ ಸೆರೆಯಲ್ಲೇ ಕೊನೆಯುಸಿರೆಳೆದರೆಂದು ಪರಂಪರೆ ಹೇಳುತ್ತದೆ. ಬಲವಂತದಿಂದ ಹೇಳಿಸಿದ ತಲಾಖ್ ತಲಾಖೇ ಅಲ್ಲ ಎಂದ ಮದೀನಾದ ಮಾಲಿಕ್‌ಗೆ ಛಡಿಯೇಟು ಬಿತ್ತು. ಬಲವಂತದ ತಲಾಖ್ ಅಸಿಂಧುವಾದರೆ ಬಲವಂತದ ರಾಜನಿಷ್ಠೆಯೂ ಅಸಿಂಧುವಲ್ಲವೇ ಎಂದು ಜನ ಕೇಳಿಯಾರು ಎಂಬ ಭಯ ಅಧಿಕಾರಿಗಳಿಗಿತ್ತು. ಕುರ್‌ಆನ್ ಕುರಿತು ಖಲೀಫರು ಹೊರಡಿಸಿದ ಅಧಿಕೃತ ಸಿದ್ಧಾಂತವನ್ನು ಒಪ್ಪದ ಅಹ್ಮದ್ ಇಬ್ನ್ ಹಂಬಲ್‌ರನ್ನು ಸೆರೆಯಲ್ಲಿಟ್ಟು ಥಳಿಸಿದರು. ಮನಸ್ಸಾಕ್ಷಿಗಾಗಿ ಏಟು ತಿಂದವರು ಕಟ್ಟಿದ ಶಾಸ್ತ್ರ ಮನಸ್ಸಾಕ್ಷಿಯನ್ನು ಎಷ್ಟರಮಟ್ಟಿಗೆ ಕಾಪಾಡಿತು? ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು.

ಇಸ್ಲಾಮಿ ಕಾನೂನಿನಲ್ಲಿ ಮೂಲಭೂತ ಹಕ್ಕುಗಳಿವೆಯೇ ಎಂದು ಕೇಳಿದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಎಲ್ಲವೂ ಹದಿನಾಲ್ಕು ಶತಮಾನಗಳ ಹಿಂದೆಯೇ ಸಿಕ್ಕಿಬಿಟ್ಟಿವೆ ಎಂಬುದು ಒಂದು; ಆ ಕಾನೂನಿಗೂ ಹಕ್ಕಿಗೂ ಎಣ್ಣೆ ಸೀಗೆಕಾಯಿ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಆ ಗ್ರಂಥಗಳ ಒಳಗೆ ನಡೆದ ವಾದಗಳನ್ನು ಓದುವ ಗೋಜಿಗೆ ಹೋಗುವುದಿಲ್ಲ. ಓದಿದರೆ ಕಾಣುವುದು ಬೇರೆಯೇ ಚಿತ್ರ. ಅದರಲ್ಲೂ ಹನಫಿ ಪಂಥದ ವಾದಗಳು, ಆ ಪಂಥದವರೇ ಹೋಗಲು ಹಿಂಜರಿದ ದೂರಕ್ಕೆ ನಮ್ಮನ್ನು ಕರೆದೊಯ್ಯುತ್ತವೆ.

ಹನ್ನೊಂದನೆಯ ಶತಮಾನದ ಸರಖ್ಸಿಯನ್ನು ತೆಗೆದುಕೊಳ್ಳಿ. ಮಧ್ಯ ಏಷ್ಯಾದ ಉಜ್ಗಂದ್ ಎಂಬಲ್ಲಿ ಅವರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿದ್ದರು. ಮೂವತ್ತು ಸಂಪುಟಗಳ ‘ಅಲ್-ಮಬ್ಸೂತ್’ ಗ್ರಂಥದ ಬಹುಭಾಗವನ್ನು ಅವರು ನೆಲದಡಿಯ ಸೆರೆಗುಂಡಿಯಿಂದ, ಮೇಲೆ ಕುಳಿತ ಶಿಷ್ಯರಿಗೆ ನೆನಪಿನಿಂದಲೇ ಹೇಳಿ ಬರೆಸಿದರೆಂದು ಪ್ರತೀತಿ. ನ್ಯಾಯಮೀಮಾಂಸೆಯ ಗ್ರಂಥದಲ್ಲಿ ಅವರು ಇಡುವ ವಾದ ಹೀಗಿದೆ: ದೇವರು ಮನುಷ್ಯನಿಗೆ ಬುದ್ಧಿಯನ್ನೂ ಹೊಣೆ ಹೊರುವ ಯೋಗ್ಯತೆಯನ್ನೂ ಕೊಟ್ಟ, ಆ ಹೊಣೆಯನ್ನು ಮನುಷ್ಯ ನಿಭಾಯಿಸಬೇಕಾದರೆ ಅವನ ಜೀವಕ್ಕೆ ರಕ್ಷಣೆ ಬೇಕು, ಸ್ವಾತಂತ್ರ್ಯ ಬೇಕು, ಆಸ್ತಿಯ ಹಕ್ಕು ಬೇಕು, ಹುಟ್ಟಿದ ಕ್ಷಣದಿಂದಲೇ ಅವು ಅವನಿಗೆ ಸಲ್ಲುತ್ತವೆ. ದೇವರ ಪರೀಕ್ಷೆಗೆ ಒಳಪಡುವವನು ಮೊದಲು ಬದುಕಿರಬೇಕು, ಸ್ವತಂತ್ರನಾಗಿರಬೇಕು. ಹಕ್ಕಿಗೆ ಇಲ್ಲಿ ಆಧಾರ ಮನುಷ್ಯನಾಗಿರುವುದೇ ಹೊರತು ಇಂಥ ನಂಬಿಕೆಯವನಾಗಿರುವುದಲ್ಲ. ಶಾಫಿ ಪಂಥದ ಪ್ರಬಲ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ಅವರ ಪ್ರಕಾರ ಜೀವರಕ್ಷಣೆ ಸಿಗುವುದು ವಿಶ್ವಾಸದಿಂದ, ಇಲ್ಲವೇ ಒಪ್ಪಂದದಿಂದ.

ಇದು ಬರೀ ತತ್ವದ ಜಗಳವಲ್ಲ. ಮುಸ್ಲಿಮನೊಬ್ಬ ತನ್ನ ನಾಡಿನ ಕ್ರೈಸ್ತನನ್ನೋ ಯಹೂದಿಯನ್ನೋ ಬೇಕೆಂದೇ ಕೊಂದರೆ ಅವನಿಗೆ ಮರಣದಂಡನೆ ಆಗಬೇಕೇ? ಆಗಬೇಕು ಎಂದರು ಹನಫಿಗಳು. ಉಳಿದ ಮೂರು ಪಂಥಗಳು ಸಾಮಾನ್ಯವಾಗಿ ಇಲ್ಲವೆಂದವು. ಸತ್ತವನ ಕುಟುಂಬಕ್ಕೆ ಕೊಡುವ ಪರಿಹಾರಧನ ಹನಫಿಗಳಲ್ಲಿ ಮುಸ್ಲಿಮನಿಗೂ ಮುಸ್ಲಿಮೇತರನಿಗೂ ಸಮ. ಮಾಲಿಕಿಗಳಲ್ಲಿ ಕ್ರೈಸ್ತನಿಗೆ, ಯಹೂದಿಗೆ ಅರ್ಧ, ಶಾಫಿಗಳಲ್ಲಿ ಮೂರನೆಯ ಒಂದು ಪಾಲು. ಒಂದೇ ಶರೀಅತ್ತಿನ ಹೆಸರಿನಲ್ಲಿ ಒಂದು ಜೀವದ ಬೆಲೆ ಹೀಗೆ ಮೂರು ಬಗೆಯಾಯಿತು. ‘ಇಸ್ಲಾಮ್ ಹೀಗೆ ಹೇಳುತ್ತದೆ’ ಎಂದು ಯಾರಾದರೂ ಏಕವಚನದಲ್ಲಿ ಮಾತಾಡಿದರೆ ಯಾವ ಪಂಥ, ಯಾರ ಅಭಿಪ್ರಾಯ ಎಂದು ಕೇಳುವುದು ಉಚಿತ.

ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್ ಗುರುವಿನಂತಲ್ಲ. ಖಲೀಫ ಹಾರೂನ್ ಅಲ್-ರಶೀದನ ಮುಖ್ಯ ನ್ಯಾಯಾಧೀಶರಾದರು. ಕಂದಾಯದ ಬಗ್ಗೆ ಖಲೀಫನಿಗಾಗಿ ಬರೆದ ‘ಕಿತಾಬ್ ಅಲ್-ಖರಾಜ್’ನಲ್ಲಿ ಕೈದಿಗಳ ಕುರಿತ ಭಾಗವೊಂದಿದೆ. ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಮಾನವೀಯವೆನಿಸಿದ ಬರಹ ಅದು. ಕೈದಿಗಳನ್ನು ಸಂಕೋಲೆ ಸಮೇತ ಬೀದಿಗೆ ತಂದು ಭಿಕ್ಷೆ ಬೇಡಿಸುವ ಪದ್ಧತಿ ನಿಲ್ಲಬೇಕು. ಬೊಕ್ಕಸದಿಂದ ಅವರಿಗೆ ತಿಂಗಳು ತಿಂಗಳು ಹಣ ಸಲ್ಲಬೇಕು. ಚಳಿಗೆ ಬೇರೆ, ಬೇಸಿಗೆಗೆ ಬೇರೆ ಬಟ್ಟೆ ಕೊಡಬೇಕು. ದಿಕ್ಕಿಲ್ಲದೆ ಸತ್ತ ಕೈದಿಗೆ ಸರ್ಕಾರವೇ ಮರ್ಯಾದೆಯಿಂದ ಅಂತ್ಯಕ್ರಿಯೆ ಮಾಡಬೇಕು. ಬರೀ ಆರೋಪದ ಮೇಲೆ ಯಾರನ್ನೂ ಸೆರೆಗೆ ತಳ್ಳಬಾರದು, ಹೊಡೆದು ಬಾಯಿಬಿಡಿಸಿದ ತಪ್ಪೊಪ್ಪಿಗೆಗೆ ಬೆಲೆ ಕೊಡಬಾರದು ಎಂದೂ ಅವರು ಬರೆಯುತ್ತಾರೆ. ಎಂಟನೆಯ ಶತಮಾನದ ಈ ಸಲಹೆಯನ್ನು ನಮ್ಮ ಇಂದಿನ ಠಾಣೆಗಳಲ್ಲಿ ಗೋಡೆಗೆ ತೂಗುಹಾಕಬಹುದು.

ಆದರೆ ಅದು ಸಲಹೆಯೇ ಆಗಿತ್ತು. ಪರಂಪರೆಯ ದೊಡ್ಡ ಕೊರತೆ ಇರುವುದೂ ಇಲ್ಲಿಯೇ. ಖಲೀಫ ಸಲಹೆಯನ್ನು ಪಾಲಿಸದಿದ್ದರೆ ಕೈದಿ ಯಾರ ಬಳಿ ಹೋಗಬೇಕು? ಅಕ್ಕಪಕ್ಕದವರ ನಡುವಣ ವ್ಯಾಜ್ಯಕ್ಕೆ ಖಾಜಿಯಿದ್ದ. ರಾಜನ ವಿರುದ್ಧದ ದೂರು ಕೇಳಲು ಮಜಾಲಿಮ್ ಎಂಬ ದರ್ಬಾರೂ ಇತ್ತು, ಆದರೆ ಅದು ನಡೆಯುತ್ತಿದ್ದದ್ದು ರಾಜನ ಕೃಪೆಯಿಂದ. ದೇವರ ಹಕ್ಕು, ಮನುಷ್ಯರ ಹಕ್ಕು ಎಂದು ಅಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಪಂಡಿತರು, ಆ ಹಕ್ಕನ್ನು ರಾಜನ ಎದುರು ನಿಂತು ವಸೂಲಿ ಮಾಡಿಕೊಡುವ ಸ್ವತಂತ್ರ ಸಂಸ್ಥೆಯೊಂದನ್ನು ಕಟ್ಟಲಿಲ್ಲ. ಆತ್ಮಸಾಕ್ಷಿಯುಳ್ಳ ವಿದ್ವಾಂಸ ಹುದ್ದೆ ನಿರಾಕರಿಸಿ ಸೆರೆಮನೆ ಸೇರಬಹುದಿತ್ತು, ಅಷ್ಟೇ. ಗುಲಾಮಗಿರಿಯ ವಿಷಯದಲ್ಲಂತೂ ವಾದ ಕಣ್ಣೆದುರೇ ಮುಗ್ಗರಿಸಿತು. ಸ್ವಾತಂತ್ರ್ಯ ಹುಟ್ಟಿನಿಂದ ಬಂದದ್ದೆಂದು ಬರೆದ ಕೈಗಳೇ ಗುಲಾಮರ ಕ್ರಯವಿಕ್ರಯದ ನಿಯಮಗಳನ್ನೂ ಪುಟಗಟ್ಟಲೆ ಬರೆದವು. ಟ್ಯುನಿಸ್‌ನ ಅಹ್ಮದ್ ಬೇ 1846ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ; ಸೌದಿ ಅರೇಬಿಯಾ ಅದನ್ನು ಮಾಡಿದ್ದು 1962ರಲ್ಲಿ, ಮಾರಿಟೇನಿಯಾ 1981ರಲ್ಲಿ.

ಹೆಣ್ಣಿನ ಹಕ್ಕಿನ ವಿಷಯದಲ್ಲಿ ಹನಫಿ ಪಂಥ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಪ್ರಾಯಕ್ಕೆ ಬಂದ ಹೆಣ್ಣು ಪೋಷಕನ ಹಂಗಿಲ್ಲದೆ ತಾನೇ ನಿಕಾಹ್ ಒಪ್ಪಂದ ಮಾಡಿಕೊಳ್ಳಬಹುದು ಎಂದವರು ಅಬೂ ಹನೀಫಾ. ಶಾಫಿಗಳಲ್ಲಿ ಕನ್ಯೆಯ ವಿವಾಹ ತಂದೆಯ ಅಧಿಕಾರ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಘಟ್ಟದ ಮೇಲಿನ ಉರ್ದು ಮಾತಾಡುವ ಮುಸ್ಲಿಮರು ಬಹುಪಾಲು ಹನಫಿಗಳು. 1864ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದೆ ಶಾಫಿ ಮನೆತನದ ಹುಡುಗಿಯೊಬ್ಬಳ ಮೊಕದ್ದಮೆ ಬಂತು. ಪ್ರಾಯಕ್ಕೆ ಬಂದ ಮೇಲೆ ಹನಫಿ ಪಂಥವನ್ನು ಆರಿಸಿಕೊಂಡು ತಂದೆಯ ಒಪ್ಪಿಗೆಯಿಲ್ಲದೆ ಮದುವೆಯಾಗಲು ಅವಳಿಗೆ ಹಕ್ಕಿದೆ ಎಂದು ನ್ಯಾಯಾಲಯ ಹೇಳಿತು. ಪಂಥಗಳ ನಡುವಿನ ಭಿನ್ನಮತವನ್ನೇ ಆ ಹುಡುಗಿ ತನ್ನ ಬಿಡುಗಡೆಯ ದಾರಿ ಮಾಡಿಕೊಂಡಳು.

ಮದುವೆಯ ಬಾಗಿಲು ಅಷ್ಟು ಅಗಲವಾಗಿ ತೆರೆದ ಹನಫಿ ಶಾಸ್ತ್ರ, ಮದುವೆಯಿಂದ ಹೊರಬರುವ ಬಾಗಿಲನ್ನು ಹೆಣ್ಣಿಗೆ ಹೆಚ್ಚುಕಡಿಮೆ ಮುಚ್ಚಿತು. ಗಂಡ ಕುಡಿದು ಹೇಳಿದ ತಲಾಖ್, ಬೇರೆಯವರ ಬೆದರಿಕೆಗೆ ಹೆದರಿ ಹೇಳಿದ ತಲಾಖ್ ಕೂಡ ಊರ್ಜಿತ. ಆದರೆ ಗಂಡ ಕಾಣೆಯಾದರೆ ಹೆಂಡತಿ ಅವನ ಓರಗೆಯವರೆಲ್ಲ ತೀರಿಹೋಗುವಷ್ಟು ಕಾಲ ಕಾಯಬೇಕು. ಬ್ರಿಟಿಷ್ ಭಾರತದಲ್ಲಿ ಇಂಥ ಹೆಂಗಸರು ಬೇರೆ ದಾರಿ ಕಾಣದೆ ಮತ ಬಿಡತೊಡಗಿದರು, ಏಕೆಂದರೆ ಮತತ್ಯಾಗದಿಂದ ಮದುವೆ ತಾನಾಗಿ ಮುರಿಯುತ್ತಿತ್ತು. ದೇವಬಂದ್ ಪರಂಪರೆಯ ಅಶ್ರಫ್ ಅಲಿ ಥಾನವಿ ಕಟ್ಟಾ ಹನಫಿ. ಹಾಗಿದ್ದರೂ ಅವರು ಮಾಲಿಕಿ ಪಂಡಿತರನ್ನು ವಿಚಾರಿಸಿ, ಈ ವಿಷಯದಲ್ಲಿ ಮಾಲಿಕಿ ನಿಯಮವನ್ನು ಅನುಸರಿಸಬಹುದೆಂದು ಪುಸ್ತಕವನ್ನೇ ಬರೆದರು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಗೆ ಅದೇ ಹಿನ್ನೆಲೆ. ಗಂಡ ನಾಲ್ಕು ವರ್ಷ ಕಾಣೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಣ್ಣು ವಿಚ್ಛೇದನ ಕೇಳಬಹುದಾಯಿತು. ಜತೆಗೆ, ಮತ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯದು ಎಂಬ ಕಲಮನ್ನೂ ಸೇರಿಸಿದರು. ಹೆಂಗಸರು ಸಂಕಟದಿಂದ ಹುಡುಕಿಕೊಂಡ ದಾರಿಯೇ ಪಂಡಿತರನ್ನು ಚಲಿಸುವಂತೆ ಮಾಡಿತು ಎಂಬುದನ್ನು ಮರೆಯಬಾರದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರಿಗೆ ಆ ಸಂಕಟ ಕಾಯ್ದೆಯೊಂದರಿಂದ ಮುಗಿಯಲಿಲ್ಲವೆಂಬುದು ಗೊತ್ತೇ ಇದೆ.

ಈಗ ಮತತ್ಯಾಗದ ಪ್ರಶ್ನೆಗೇ ಬರೋಣ. ಉಳಿದೆಲ್ಲ ಹಕ್ಕುಗಳ ಗಟ್ಟಿತನ ತಿಳಿಯುವುದು ಇಲ್ಲಿಯೇ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬರ್ಥದ ಕುರ್‌ಆನ್ ವಾಕ್ಯ ಎಲ್ಲರಿಗೂ ಪರಿಚಿತ. ಆದರೂ ಇಸ್ಲಾಮ್ ತೊರೆದ ಗಂಡಸಿಗೆ ಮರಣದಂಡನೆ ಎಂಬುದನ್ನು ನಾಲ್ಕೂ ಪಂಥಗಳು ಒಪ್ಪಿದವು. ಹೆಂಗಸಿನ ವಿಷಯದಲ್ಲಿ ಮಾತ್ರ ಹನಫಿಗಳು ಬೇರೆ ನಿಂತರು: ಅವಳನ್ನು ಕೊಲ್ಲಕೂಡದು, ಸೆರೆಯಲ್ಲಿಡಬೇಕು. ಏಕೆ? ಸರಖ್ಸಿಯ ಸಮರ್ಥನೆಯನ್ನು ಗಮನವಿಟ್ಟು ಓದಬೇಕು. ಅವಿಶ್ವಾಸ ಮಹಾಪಾತಕವೇ, ಆದರೆ ಅದು ಮನುಷ್ಯ ಮತ್ತು ದೇವರ ನಡುವಿನ ವಿಷಯ, ಅದರ ಶಿಕ್ಷೆ ಪರಲೋಕಕ್ಕೆ ಸೇರಿದ್ದು, ಇಹದ ಶಿಕ್ಷೆಗಳಿರುವುದು ಜನಹಿತಕ್ಕಾಗಿ, ಮತ ಬಿಟ್ಟವನನ್ನು ಕೊಲ್ಲುವುದು ಅವನು ಶತ್ರುವಿನ ಕಡೆ ಸೇರಿ ಕಾದಾಡುತ್ತಾನೆಂಬ ಕಾರಣಕ್ಕೆ, ಹೆಣ್ಣು ಕಾದಾಡುವವಳಲ್ಲ. ಹಾಗಾದರೆ ಕಾದಾಡದ ಗಂಡಸು? ಮನೆಯಲ್ಲಿ ಕುಳಿತು ನಂಬಿಕೆ ಕಳೆದುಕೊಂಡ ವ್ಯಾಪಾರಿ, ಮೇಷ್ಟರು, ಕವಿ? ಸರಖ್ಸಿಯ ತರ್ಕದಂತೆಯೇ ಅವರ ಮೇಲೆ ಕೈಯೆತ್ತಲು ಯಾರಿಗೂ ಕಾರಣವಿಲ್ಲ. ತರ್ಕ ಆ ತೀರ್ಮಾನದ ಹೊಸ್ತಿಲವರೆಗೆ ಬಂದಿದೆ, ಪಂಡಿತರು ಹೊಸ್ತಿಲು ದಾಟಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಲ್-ಅಜ್ಹರ್‌ನ ಶೇಖ್ ಆಗಿದ್ದ ಮಹಮೂದ್ ಶಲ್ತೂತ್, ಅವಿಶ್ವಾಸವೊಂದೇ ಜೀವ ತೆಗೆಯಲು ಕಾರಣವಾಗದು ಎಂದಾಗ ಅವರು ಹಳೆಯ ಈ ತರ್ಕವನ್ನೇ ಮುಂದುವರಿಸುತ್ತಿದ್ದರು.

ಶರೀಅತ್ತಿನ ಉದ್ದೇಶಗಳ ಸಿದ್ಧಾಂತದಿಂದ ಇದನ್ನೆಲ್ಲ ಬಗೆಹರಿಸಬಹುದೆಂಬ ಉತ್ಸಾಹ ಇಂದು ಹೆಚ್ಚಾಗಿದೆ. ಧರ್ಮ, ಜೀವ, ಬುದ್ಧಿ, ಸಂತತಿ, ಸಂಪತ್ತು ಎಂಬ ಐದನ್ನು ಕಾಪಾಡುವುದೇ ಕಾನೂನಿನ ಗುರಿ ಎಂದು ಶಾಫಿ ಪಂಡಿತ ಗಜಾಲಿ ಹೇಳಿದ್ದರು. ಟ್ಯುನೀಷಿಯಾದ ಇಬ್ನ್ ಆಶೂರ್ ಆ ಚರ್ಚೆಯೊಳಗೆ ಸ್ವಾತಂತ್ರ್ಯವನ್ನೂ ತಂದರು. ಕೆಲಸ ದೊಡ್ಡದೇ. ಆದರೆ ಧರ್ಮದ ರಕ್ಷಣೆಗೆ ಗಜಾಲಿ ಕೊಡುವ ಉದಾಹರಣೆ ದಾರಿತಪ್ಪಿಸುವ ಅವಿಶ್ವಾಸಿಗೆ ವಿಧಿಸುವ ಮರಣದಂಡನೆ. ಉದ್ದೇಶಗಳ ಪಟ್ಟಿಯಿಂದಷ್ಟೇ ಯಾರೂ ಬಿಡುಗಡೆ ಹೊಂದುವುದಿಲ್ಲ. ಯಾರ ರಕ್ಷಣೆ, ಯಾರಿಂದ ಎಂಬುದು ಇತ್ಯರ್ಥವಾಗಬೇಕು.

ಆಧುನಿಕ ರಾಷ್ಟ್ರ ಶರೀಅತ್ತನ್ನು ಕೈಗೆತ್ತಿಕೊಂಡಾಗ ಆದದ್ದು ಇನ್ನೂ ಕೆಟ್ಟದ್ದು. ಭಿನ್ನಮತಗಳ ನಡುವೆ ಜನಕ್ಕೆ ಸಿಗುತ್ತಿದ್ದ ಅವಕಾಶ ಮುಚ್ಚಿತು, ಪೊಲೀಸು ಮತ್ತು ಜೈಲು ಮಾತ್ರ ಹೊಸದಾಗಿ ಸೇರಿದವು. ಪ್ರವಾದಿನಿಂದನೆ ಮಾಡಿದ ಮುಸ್ಲಿಮೇತರ ಪ್ರಜೆ ರಾಜ್ಯದ ರಕ್ಷಣೆ ಕಳೆದುಕೊಳ್ಳುವುದಿಲ್ಲ, ನ್ಯಾಯಾಧೀಶ ವಿವೇಚನೆಯಿಂದ ಶಿಕ್ಷೆ ಕೊಡಲಿ ಎಂಬುದು ಅಬೂ ಹನೀಫಾರ ನಿಲುವು. ಪಾಕಿಸ್ತಾನ ಬಹುಮಟ್ಟಿಗೆ ಹನಫಿಗಳ ದೇಶ. ಅಲ್ಲಿ 1986ರಲ್ಲಿ ಸೇರಿದ ಕಲಮು, ಅದರ ಮೇಲೆ ಫೆಡರಲ್ ಶರೀಅತ್ ಕೋರ್ಟ್ 1990ರಲ್ಲಿ ಕೊಟ್ಟ ತೀರ್ಪು ಸೇರಿ ಮರಣದಂಡನೆಯೊಂದನ್ನೇ ಉಳಿಸಿದವು. 1948ರಲ್ಲಿ ವಿಶ್ವಸಂಸ್ಥೆಯಲ್ಲಿ ಮತ ಬದಲಿಸುವ ಹಕ್ಕಿಗೆ ಸೌದಿ ಪ್ರತಿನಿಧಿ ಅಡ್ಡಬಂದಾಗ, ಕುರ್‌ಆನ್ ಆಧಾರದ ಮೇಲೇ ಅದನ್ನು ಸಮರ್ಥಿಸಿದವರು ಪಾಕಿಸ್ತಾನದ ಜಫರುಲ್ಲಾ ಖಾನ್. ಅವರು ಅಹ್ಮದಿ. 1974ರಲ್ಲಿ ಅವರ ದೇಶದ ಸಂವಿಧಾನ ಅವರ ಸಮುದಾಯವನ್ನೇ ಮುಸ್ಲಿಮರಲ್ಲವೆಂದು ಘೋಷಿಸಿತು.

ಇಸ್ಲಾಮಿ ರಾಷ್ಟ್ರಗಳು 1990ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಕೈರೋ ಘೋಷಣೆಯನ್ನು ಓದಿದರೆ ನಿರಾಶೆಯಾಗುತ್ತದೆ. ಇಪ್ಪತ್ತೈದು ವಿಧಿಗಳು. ಕೊನೆಯ ಎರಡರ ಪ್ರಕಾರ ಎಲ್ಲ ಹಕ್ಕುಗಳೂ ಶರೀಅತ್ತಿಗೆ ಅಧೀನ, ಅರ್ಥ ಹೇಳುವುದಕ್ಕೂ ಶರೀಅತ್ತೇ ಏಕೈಕ ಆಧಾರ. ಯಾವ ಪಂಥದ ಶರೀಅತ್? ಸರಖ್ಸಿಯದೋ, ಗಜಾಲಿಯದೋ? ಘೋಷಣೆ ಹೇಳುವುದಿಲ್ಲ. ಹೇಳದ ಜಾಗವನ್ನು ಆಯಾ ಸರ್ಕಾರ ತುಂಬಿಕೊಳ್ಳುತ್ತದೆ. ಈಜಿಪ್ಟಿನಲ್ಲಿ ಹಾಗೆ ತುಂಬಿದ್ದಕ್ಕೆ ಬಲಿಯಾದವರು ಕುರ್‌ಆನ್ ವಿದ್ವಾಂಸ ನಸ್ರ್ ಹಾಮಿದ್ ಅಬೂ ಜೈದ್. ಸಂಬಂಧವೇ ಇಲ್ಲದ ಕೆಲವರು ಹಾಕಿದ ದಾವೆಯ ಮೇಲೆ ಕೈರೋದ ಮೇಲ್ಮನವಿ ನ್ಯಾಯಾಲಯ 1995ರಲ್ಲಿ ಅವರನ್ನು ಮತಭ್ರಷ್ಟರೆಂದಿತು, ಹಾಗಾಗಿ ಅವರ ಮದುವೆ ರದ್ದು ಎಂದಿತು. ಪತ್ನಿ ಇಬ್ತಿಹಾಲ್ ಯೂನಿಸ್ ವಿಚ್ಛೇದನ ಕೇಳಿರಲೇ ಇಲ್ಲ. ಕಾನೂನು ಮೌನವಾಗಿರುವಲ್ಲಿ ಹನಫಿ ಪಂಥದ ಪ್ರಬಲ ಅಭಿಪ್ರಾಯ ಅನ್ವಯಿಸಬೇಕೆಂಬ ಈಜಿಪ್ಟಿನ ನಿಯಮವೇ ಆ ತೀರ್ಪಿಗೆ ಬುನಾದಿ. 1996ರಲ್ಲಿ ಪರಮೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ದಂಪತಿ ದೇಶ ಬಿಟ್ಟು ನೆದರ್ಲೆಂಡ್ಸಿನ ಲೈಡನ್ ಸೇರಿದ್ದರು. ಮನುಷ್ಯನಾದರೆ ಸಾಕು ಎಂದ ಪಂಥದ ಹೆಸರಿನಲ್ಲೇ ಇದು ನಡೆಯಿತು.

ನನ್ನ ತೀರ್ಮಾನ ಕಟುವಾದರೂ ಹೇಳಬೇಕು. ಹನಫಿ ನ್ಯಾಯಶಾಸ್ತ್ರ ಮನುಷ್ಯಘನತೆಗೆ ಕೊಟ್ಟ ಬುನಾದಿ ಗಟ್ಟಿಯಾದದ್ದು. ಅದನ್ನು ಎರವಲು ಎನ್ನುವವರು ತಪ್ಪು, ಅದು ಪೂರ್ಣವಾಗಿದೆ ಎನ್ನುವವರೂ ತಪ್ಪು. ನಂಬಿಕೆ ಬಿಡುವವನ ಜೀವ, ಮದುವೆ, ಆಸ್ತಿ ಭದ್ರವಾಗದೆ ಉಳಿದವರ ನಂಬಿಕೆಯ ಸ್ವಾತಂತ್ರ್ಯಕ್ಕೂ ಅರ್ಥವಿಲ್ಲ. ಸುಡಾನ್ 1985ರಲ್ಲಿ ಎಪ್ಪತ್ತು ದಾಟಿದ ಚಿಂತಕ ಮಹಮೂದ್ ಮುಹಮ್ಮದ್ ತಾಹಾರನ್ನು ಮತಭ್ರಷ್ಟರೆಂದು ಗಲ್ಲಿಗೇರಿಸಿತು. 2020ರಲ್ಲಿ ಅದೇ ಸುಡಾನ್ ಮತತ್ಯಾಗದ ಮರಣದಂಡನೆಯನ್ನು ಕಾನೂನಿನಿಂದ ತೆಗೆದುಹಾಕಿತು. ನಮ್ಮ ಮದರಸಾಗಳಲ್ಲಿ ಫಿಕ್ಹ್ ಎಂಬ ನ್ಯಾಯಶಾಸ್ತ್ರ ಕಲಿಸುವ ಉಲಮಾಗಳಲ್ಲಿ, ಕಾನೂನು ಕಾಲೇಜುಗಳಲ್ಲಿ ಮುಸ್ಲಿಮ್ ಕಾನೂನು ಓದುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ: ಅಬೂ ಯೂಸುಫ್ ಮತ್ತು ಸರಖ್ಸಿಯ ಈ ಭಾಗಗಳನ್ನು ಕನ್ನಡಕ್ಕೆ ತನ್ನಿ, ಮತ್ತು ಅವರು ನಿಲ್ಲಿಸಿದ ಜಾಗದಿಂದ ವಾದವನ್ನು ಮುಂದುವರಿಸಿ.