ಮೋತಿ ‘ಗುಜರ್ ಗಯಾ’: ನಾಯಿಯ ಸಾವನ್ನು ಓದುತ್ತಾ

ಹೋದ ಮಳೆಗಾಲದ ಒಂದು ಬೆಳಿಗ್ಗೆ, ಪುಣೆಯಲ್ಲಿ ನಾನು ಶಾಲೆಗೆ ಹೊರಟಿದ್ದಾಗ, ಸಿಂದಗಿ ಕಡೆಯ ನಮ್ಮ ಹೊಲದ ಮನೆಯಿಂದ ಅಬ್ಬಾ ಫೋನ್ ಮಾಡಿದರು. “ಮೋತಿ ಗುಜರ್ ಗಯಾ ಬೇಟಿ” ಅಂದವರೇ ಇಟ್ಟುಬಿಟ್ಟರು. ಮೋತಿ ನಮ್ಮ ನಾಯಿ. ಹದಿಮೂರು ವರ್ಷ ಹೊಲ ಕಾದಿತ್ತು.

ಉರ್ದು ಬಲ್ಲವರಿಗೆ ಆ ಕ್ರಿಯಾಪದ ಕಿವಿಗೆ ತಟ್ಟುತ್ತದೆ. ಪ್ರಾಣಿಗೆ ‘ಮರ್ ಗಯಾ’ ಅಂತೀವಿ, ‘ಗುಜರ್ ಗಯಾ’ ಅನ್ನೋದು ಮನುಷ್ಯರಿಗೆ. ನಾಯಿ ಸತ್ತಿತು ಅನ್ನುವಲ್ಲಿ ತೀರಿಕೊಂಡ ಅಂದ ಹಾಗೆ. ಅಬ್ಬಾ ಮಾತಿನಲ್ಲಿ ತಪ್ಪುವವರಲ್ಲ. ಆದರೆ ಮಸೀದಿ ಕಟ್ಟೆಯ ಮೇಲೆ ಕೂತವರ ಮುಂದೆ ಅವರು ಇದನ್ನು ಹೇಳಲೇ ಇಲ್ಲವಂತೆ. ನಾಯಿಗಾಗಿ ಅಳ್ತೀರಾ ಸಾಹೇಬ್ರೇ ಅಂತ ನಕ್ಕಾರು ಎಂಬ ಸಂಕೋಚ.

ನಮ್ಮ ಎರಡೂ ಭಾಷೆಗಳಲ್ಲಿ ನಾಯಿಯ ಸಾವು ಬೈಗುಳ ತಾನೆ! ಮಂಟೋ ‘ಟೇಟವಾಲ್ ಕಾ ಕುತ್ತಾ’ ಕಥೆಯಲ್ಲಿ ಹಿಡಿದದ್ದು ಇದನ್ನೇ. ಎರಡು ಸೈನ್ಯಗಳ ನಡುವೆ ಸಿಕ್ಕ ನಾಯಿ ಗುಂಡಿಗೆ ಬಲಿಯಾಗುತ್ತದೆ. ಒಂದು ಕಡೆಯವರಿಗೆ ಅದು ಹುತಾತ್ಮ, ಇನ್ನೊಂದು ಕಡೆಯವರಿಗೆ ನಾಯಿ ಸಾವು. ನಾಯಿ ಇಲ್ಲವಾಯಿತಲ್ಲ ಅಂತ ಮರುಗುವವರು ಎರಡೂ ಕಡೆ ಇಲ್ಲ.

ಕನ್ನಡದಲ್ಲಿ ಸತ್ತ ನಾಯಿಯ ನೆನಪಿಗೆ ನಿಲ್ಲಿಸಿದ ಒಂದು ಕಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಕಾಲ ಸುಮಾರು ಕ್ರಿ.ಶ. 950, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿದ್ಯಾರ್ಥಿಗಳು ಇದರ ಪಾಠವನ್ನು ಒಮ್ಮೆ ಪೂರ್ತಿ ಓದಬೇಕು. ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಸತ್ತ ಚೋಳ ರಾಜಾದಿತ್ಯ, ಹೀಗೆ ಕಲ್ಲಿನ ಬಹುಪಾಲು ದೊಡ್ಡವರ ಬಡಾಯಿಗೇ ಹೋಗಿದೆ. ನಡುವೆ ಬರುವವನು ಬೂತುಗನ ಸೇವಕ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ ಬೇಕಾದ್ದು ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಮುಂದೆ ಒಂದು ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಕಾಳಗದ ಕೆತ್ತನೆ ಇದೆ. ಕಲ್ಲಿಗೆ ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಣ್ಣಬಾರದು ಎಂದೂ ಬರೆಸಿದ್ದಾರೆ.

ಇದನ್ನು ಸ್ವಾಮಿನಿಷ್ಠೆಯ ಕಲ್ಲು ಅಂತ ಪಾಠ ಮಾಡಿಬಿಡುತ್ತೇವೆ, ನಾನೂ ಮಾಡಿದ್ದೇನೆ. ಈಗ ಅದು ಅರ್ಧ ಓದು ಅನ್ನಿಸುತ್ತದೆ. ನಿಷ್ಠೆ ಅಂದ ಕೂಡಲೇ ಹೊಗಳಿಕೆ ಒಡೆಯನಿಗೆ ಹೋಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಮಣಲೆರನ ಬೇಡಿಕೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು, ನಾಯಿ ಕೇಳಿದ. ಅವನ ದುಃಖದ ಬಗ್ಗೆ ಒಂದಕ್ಷರ ಇಲ್ಲದಿದ್ದರೂ ಆ ಬೇಡಿಕೆಯೊಂದರಲ್ಲಿ ಅದು ಇದೆ.

ಇಲ್ಲಿ ಪುಣೆಯಲ್ಲಿ ನಾಯಿಯ ಸ್ಮಾರಕ ಅಂದರೆ ಮಕ್ಕಳು ಹೇಳುವ ಹೆಸರು ವಾಘ್ಯಾ, ಶಿವಾಜಿ ಮಹಾರಾಜರ ಚಿತೆಗೆ ಹಾರಿತೆಂಬ ಐತಿಹ್ಯದ ನಾಯಿ. ರಾಯಗಡದ ಮೇಲೆ 1936ರಲ್ಲಿ ಅದರ ಪ್ರತಿಮೆ ನಿಂತಿತು. 2012ರಲ್ಲಿ ಅದನ್ನು ಕಿತ್ತರು, ಮತ್ತೆ ನಿಲ್ಲಿಸಿದರು. ಇದಕ್ಕೆ ಚರಿತ್ರೆಯ ಆಧಾರ ಎಲ್ಲಿದೆ, ರಾಮ್ ಗಣೇಶ್ ಗಡಕರಿಯವರ ‘ರಾಜಸಂನ್ಯಾಸ’ ನಾಟಕದಿಂದ ಬಂದ ಕಥೆ ಅಂತ ವಿರೋಧಿಸುವವರ ವಾದ. ಆ ಜಗಳ ನನ್ನ ವಿಷಯವಲ್ಲ. ಒಡೆಯನ ಜೊತೆ ಸತ್ತರೆ ಮಾತ್ರ ನಾಯಿ ನೆನಪಿಗೆ ಅರ್ಹವೇ, ಅಷ್ಟೇ ನನ್ನ ತಕರಾರು. ಮುಪ್ಪಾಗಿ, ಕಣ್ಣು ಮಂಜಾಗಿ, ಕೊಟ್ಟಿಗೆಯ ಮೂಲೆಯಲ್ಲಿ ಸತ್ತ ಮೋತಿಗೆ ಯಾವ ಐತಿಹ್ಯ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಲ್ಲಿ ಬೇರೆಯಾಗಿ ನಿಲ್ಲುತ್ತದೆ. ಗುತ್ತಿ ಹೊಲೆಯರ ಜೀತದಾಳು. ನಾಯಿ ಹುಲಿಯ ಸದಾ ಜೊತೆಗಿರುವುದರಿಂದಲೇ ಅವನು ನಾಯಿಗುತ್ತಿ. ನೋಡಿ, ಇಲ್ಲಿ ನಾಯಿಗೆ ಒಡೆಯನ ಹೆಸರು ಅಂಟಿಲ್ಲ, ಒಡೆಯನಿಗೇ ನಾಯಿಯ ಹೆಸರು. ಆ ಒಡೆಯನೂ ಇನ್ನೊಬ್ಬರ ಆಳು, ಕಲ್ಲು ನಿಲ್ಲಿಸುವ ತಾಕತ್ತಿಲ್ಲ. ಕೊನೆಗೆ ತುಂಬಿ ಹರಿಯುವ ತುಂಗೆಯನ್ನು ದಾಟುವಾಗ ಹುಲಿಯ ನೀರುಪಾಲಾಗುತ್ತದೆ. ಗುತ್ತಿಗೆ ತಿಮ್ಮಿ ದಕ್ಕಿದ್ದಾಳೆ, ಹುಲಿಯ ಇಲ್ಲ. ಅಷ್ಟು ದೊಡ್ಡ ಕಾದಂಬರಿ ತನ್ನ ಕೊನೆಯ ಪುಟಗಳಲ್ಲಿ ಒಂದು ನಾಯಿಗಾಗಿ ಜಾಗ ಮಾಡಿಕೊಟ್ಟಿದೆ. ಹುಲಿಯನನ್ನು ಯಾವುದೋ ತತ್ತ್ವದ ಸಂಕೇತ ಮಾಡಿ ವಿವರಿಸುವ ವಿಮರ್ಶೆ ನನಗೆ ರುಚಿಸುವುದಿಲ್ಲ. ಗುತ್ತಿಗೆ ಅದು ಸಂಕೇತ ಅಲ್ಲ, ಹುಲಿಯ.

ನಮ್ಮವರಿಗೆ ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಗೊತ್ತು. ನಾಯಿ ಇರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂಬ ಹದೀಸ್ ಎಲ್ಲರ ಬಾಯಲ್ಲಿದೆ. ಹೊಲ, ದನ ಕಾಯಲು ನಾಯಿ ಇಟ್ಟುಕೊಳ್ಳಬಹುದೆಂಬುದೂ ಹದೀಸಿನಲ್ಲೇ ಇದೆ, ಬಾಯಾರಿದ ನಾಯಿಗೆ ಬಾವಿಯಿಂದ ನೀರು ಮೊಗೆದುಕೊಟ್ಟವನಿಗೆ ಕ್ಷಮೆ ಸಿಕ್ಕ ಪ್ರಸಂಗವೂ ಇದೆ. ಇವನ್ನು ಅಷ್ಟು ಗಟ್ಟಿಯಾಗಿ ಹೇಳುವವರು ಕಡಿಮೆ. ಸೂರಾ ಕಹಫ್ ಅನ್ನು ಜುಮ್ಮಾದ ದಿನ ಓದುವ ನಾವು 22ನೇ ಆಯತ್ ಹತ್ತಿರ ಸ್ವಲ್ಪ ನಿಲ್ಲಬೇಕು. ಗುಹೆಯಲ್ಲಿ ಮಲಗಿದವರು ಎಷ್ಟು ಮಂದಿ ಎಂಬ ಜನರ ತರ್ಕ ಅಲ್ಲಿ ಬರುತ್ತದೆ: ಮೂವರು ಅಂದರೆ ನಾಲ್ಕನೆಯದು ನಾಯಿ, ಐವರಾದರೆ ಆರನೆಯದು, ಏಳಾದರೆ ಎಂಟನೆಯದು. ಮನುಷ್ಯರ ಸಂಖ್ಯೆ ಬದಲಾದರೂ ಪ್ರತಿ ಲೆಕ್ಕದಲ್ಲೂ ನಾಯಿ ಇದೆ. ಅದರ ಹೊಗಳಿಕೆ ಇಲ್ಲ, ಎಣಿಕೆ ಇದೆ.

ಹುಲಿಯನ ಭಾಗವನ್ನು ಒಂದು ರಾತ್ರಿ ಅಬ್ಬಾಗೆ ಫೋನಿನಲ್ಲಿ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, “ಗುತ್ತಿ ಮತ್ತ ನಾಯಿ ಸಾಕಿದನೇನು?” ಅಂದರು.

“ಅದು ಕಾದಂಬರಿಯಾಗ ಇಲ್ಲ, ಅಬ್ಬಾ.”

“ಸಾಕಿರಾಕಿಲ್ಲ ಬಿಡು” ಅಂದರು.